ಬೀಜದೊಳಗಿನ ನೇರಳೆ ಚುಕ್ಕೆ



ಹಾಸನ ಸೀಮೆಯ ನಮಗೆ ಆಲೂಗೆಡ್ಡೆ ಹೊಸದಲ್ಲ. ಜಲಂಧರದಿಂದ ಬಿತ್ತನೆ ಗೆಡ್ಡೆ ಬರುವುದನ್ನೂ, ಅಂಗಮಾರಿ ಬಿದ್ದ ವರ್ಷ ಹೊಲವೇ ಕಪ್ಪಾಗುವುದನ್ನೂ ಕಂಡವರು ನಾವು. ‘ರೋಗಕ್ಕೆ ಜಗ್ಗದ ಒಳ್ಳೆಯ ತಳಿ ಬೇಗ ಯಾಕೆ ಸಿಗುವುದಿಲ್ಲ?’ ಎಂದು ರೈತರು ಕೇಳುತ್ತಾರೆ. ಉತ್ತರದ ಒಂದು ಪಾಲು ಗೆಡ್ಡೆಯ ಬಣ್ಣದ ಲೆಕ್ಕದಲ್ಲಿದೆ.

ಮೆಂಡೆಲ್‌ನ ಬಟಾಣಿ ಪಾಠದಲ್ಲಿ 3:1 ಎಂದು ಓದಿದ್ದೀರಿ. ಬಟಾಣಿಯಲ್ಲಿ ಪ್ರತಿ ವಂಶವಾಹಿಗೆ ಎರಡು ಪ್ರತಿ. ನಾವು ಬೆಳೆಯುವ ಆಲೂಗೆಡ್ಡೆಯಲ್ಲಿ ನಾಲ್ಕು. ವರ್ಣತಂತುಗಳು ಒಟ್ಟು 48. ಗೆಡ್ಡೆಗೆ ಕೆಂಪು, ನೇರಳೆ ಬಣ್ಣ ಕೊಡುವುದು ಆಂಥೋಸಯನಿನ್. ಬಣ್ಣದ ಒಂದು ವಂಶವಾಹಿಗೆ ಒಂದು ಗಿಡದಲ್ಲಿ ಎರಡು ಪ್ರಬಲ, ಎರಡು ದುರ್ಬಲ ಪ್ರತಿ ಇವೆ ಎನ್ನಿ. ನಾಲ್ಕರಲ್ಲಿ ಎರಡನ್ನು ಆರು ಬಗೆಯಲ್ಲಿ ಆರಿಸಬಹುದು. ಎರಡೂ ದುರ್ಬಲವಾಗುವುದು ಒಂದೇ ಬಗೆ. ಸ್ವಕೀಯ ಪರಾಗಸ್ಪರ್ಶವಾದರೆ 6×6, ಅಂದರೆ 36 ಸಸಿಯಲ್ಲಿ ಬಣ್ಣವಿಲ್ಲದ್ದು ಒಂದೇ. ಹೀಗೆ ಅಡಗಿದ ಮೂರು ಗುಣ ಒಂದೇ ಗಿಡದಲ್ಲಿ ಬೇಕೆಂದರೆ 46,656ರಲ್ಲಿ ಒಂದು! ಎರಡೇ ಪ್ರತಿ ಇದ್ದಿದ್ದರೆ 64ರಲ್ಲಿ ಒಂದು ಸಾಕಿತ್ತು.

ಹಾಗಾದರೆ ನಾಲ್ಕನ್ನು ಎರಡಕ್ಕೆ ಇಳಿಸಬಹುದೇ? ಇಳಿಸಬಹುದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೌಗಾಸ್, ಪೆಲೊಕ್ವಿನ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಈ ದಾರಿಯನ್ನು ಬೆಳೆಸಿದರು. ಆಂಡೀಸ್ ಪರ್ವತ ಸೀಮೆಯ ‘ಫುರೇಜಾ’ ಎಂಬ ಆಲೂಗೆಡ್ಡೆಯ ಪರಾಗವನ್ನು ನಮ್ಮ ಆಲೂಗೆಡ್ಡೆಯ ಹೂವಿಗೆ ಹಚ್ಚುತ್ತಾರೆ. ಪುಟ್ಟ ಹಸಿರು ಟೊಮೆಟೊದಂಥ ಕಾಯಿ ಕಟ್ಟುತ್ತದೆ. ಅದರೊಳಗಿನ ಕೆಲವೇ ಬೀಜಗಳಲ್ಲಿ ತಂದೆಯ ವರ್ಣತಂತು ಇರುವುದಿಲ್ಲ. ತಾಯಿಯ 24 ಮಾತ್ರ ಇರುತ್ತವೆ.

ಸಾವಿರಾರು ಬೀಜಗಳಲ್ಲಿ ಅವನ್ನು ಗುರುತಿಸುವುದು ಹೇಗೆ? ಇಲ್ಲಿ ಬಣ್ಣ ನೆರವಿಗೆ ಬರುತ್ತದೆ. ಇದಕ್ಕೆಂದೇ ಆರಿಸಿದ ತಂದೆ ಗಿಡದಲ್ಲಿ ಭ್ರೂಣಕ್ಕೆ ನೇರಳೆ ಚುಕ್ಕೆ ಕೊಡುವ ಪ್ರಬಲ ಗುಣವಿದೆ. ತಾಯಿಯಲ್ಲಿ ಅದು ಇರಬಾರದು. ಚುಕ್ಕೆ ಕಂಡರೆ ಮಿಶ್ರ ಬೀಜ, ಬದಿಗಿಡು. ಚುಕ್ಕೆ ಇಲ್ಲವೇ? ಬಿತ್ತು, ಸೂಕ್ಷ್ಮದರ್ಶಕದಲ್ಲಿ ವರ್ಣತಂತು ಎಣಿಸಿ ಖಚಿತಪಡಿಸಿಕೋ. ಹೀಗೆ ಸಿಕ್ಕ ಗಿಡವನ್ನು ಎರಡೇ ಪ್ರತಿ ಇರುವ ಕಾಡು ಬಂಧುಗಳೊಡನೆ ಸಂಕರ ಮಾಡಿ, ಅವುಗಳ ರೋಗ ನಿರೋಧಕ ಗುಣವನ್ನು ತರಲು ಸಾಧ್ಯ.

ಆ ಚುಕ್ಕೆ ತಾನಾಗಿ ರೋಗವನ್ನು ತಡೆಯುವುದಿಲ್ಲ. ಯಾವ ಬೀಜ ಕೈಗೆತ್ತಿಕೊಳ್ಳಬೇಕೆಂದು ತೋರಿಸುತ್ತದೆ, ಅಷ್ಟೇ. ಆದರೆ ಅಷ್ಟರಿಂದಲೇ ವರ್ಷಗಳ ದುಡಿಮೆ ಉಳಿಯುತ್ತದೆ. ಮಕ್ಕಳೇ, 3:1 ಅನ್ನು ಬಾಯಿಪಾಠ ಮಾಡಿ ಬಿಡಬೇಡಿ. ನಿಮ್ಮ ಅಪ್ಪ-ಅಮ್ಮನ ಹೊಲದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಮುಂದಿನದನ್ನು ನಿಮ್ಮಲ್ಲಿ ಯಾರಾದರೂ ಬಿಡಿಸಬೇಕು.