ಅಳಿವೆಯವರೆಗೂ ನಮ್ಮದೇ ಹೊಳೆ



ಕಡಲಿನ ಸಂಕಟ ಮಾತಾಡಲು ಕಡಲಿಲ್ಲದ ಊರಿನಲ್ಲಿ ಸಮಾವೇಶ ಯಾಕೆ ಎಂದು ಹಲವರು ಕೇಳಿದ್ದಾರೆ. ಉತ್ತರ ನಮ್ಮ ಹೊಳೆಯಲ್ಲೇ ಇದೆ: ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. 1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಆ ವಿದ್ಯುತ್ತಿನಿಂದ ಭದ್ರಾವತಿಯ ಕಬ್ಬಿಣದ ಕುಲುಮೆ ಉರಿಯಿತು, ನಮ್ಮ ಪೇಟೆಗಳಿಗೆ ದೀಪ ಬಂತು. ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ-ಗದ್ದೆ ಕಳೆದುಕೊಂಡವರು ಇಂದಿಗೂ ಹಕ್ಕುಪತ್ರಕ್ಕಾಗಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಅಲೆಯುತ್ತಿದ್ದಾರೆ. ಅವರ ನೋವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದೇ ಹೊಳೆಯ ಇನ್ನೊಂದು ತುದಿಯಲ್ಲಿ ಏನಾಯಿತೆಂದು ಮಾತ್ರ ನಾವು ವಿಚಾರಿಸಲಿಲ್ಲ.

ಅದನ್ನು ತಿಳಿಯಲೆಂದೇ ಉಳ್ಳಾಲದಿಂದ ಕಾರವಾರದವರೆಗೆ ದಡ ಹಿಡಿದು ಹೋದೆ. ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲ್ಕೊರೆತದ ಭಯದಲ್ಲೇ ಮಳೆಗಾಲ ಕಳೆಯುವ ಮನೆಗಳಿವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿಗೆ ಕಡಲು. ನಡುವೆ ಉಳಿದಿರುವ ನೆಲವನ್ನು ಬಂಡೆಗಲ್ಲುಗಳು ಕಾಯುತ್ತಿವೆ. ಮಳೆಗಾಲದ ಅಲೆ ಮರಳನ್ನು ಎಳೆದೊಯ್ದರೆ ಬೇಸಿಗೆಯ ಅಲೆ ಅದನ್ನು ಮರಳಿ ತಂದು ಹಾಕುವುದು ಕಡಲಿನ ಹಳೆಯ ಲೆಕ್ಕ. ಆ ಲೆಕ್ಕಕ್ಕೆ ಹೊಸ ಮರಳು ಹೊಳೆಗಳಿಂದ ಬರಬೇಕು. ಅಣೆಕಟ್ಟು ಅದನ್ನು ಮೇಲೆಯೇ ಹಿಡಿದಿಡುತ್ತದೆ, ಉಳಿದದ್ದನ್ನು ಮರಳು ದಂಧೆ ಲಾರಿಗೆ ತುಂಬುತ್ತದೆ. ಬಂದರಿನ ತಡೆಗೋಡೆಯೋ, ದಡದುದ್ದಕ್ಕೂ ಸಾಗುವ ಮರಳನ್ನು ಒಂದು ಮಗ್ಗುಲಲ್ಲಿ ನಿಲ್ಲಿಸಿ ಇನ್ನೊಂದು ಮಗ್ಗುಲಿನ ಊರನ್ನು ಅಲೆಗೆ ಒಡ್ಡುತ್ತದೆ. ಒಂದು ಊರಿಗೆ ಕಲ್ಲು ಸುರಿದು ಮುಂದಿನ ಊರಿಗೆ ಕೊರೆತ ದಾಟಿಸುವುದನ್ನು ರಕ್ಷಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹೆಚ್ಚು ಹೊತ್ತು ನಿಂತದ್ದು ಶರಾವತಿಯ ಅಳಿವೆಯಲ್ಲಿ. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಈಗ ವರ್ಷವಿಡೀ ಇಲ್ಲಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಉಪ್ಪು ಬೇಡುವ ಬಳಚು ಎಂಬ ಚಿಪ್ಪುಜೀವಿ ಅಲ್ಲಿ ಕ್ಷೀಣಿಸಿದೆ, ಮೀನಿನ ಬಗೆಗಳೂ ಕಡಿಮೆಯಾಗಿವೆ. ಪಕ್ಕದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು ಬಳಚು ಆಯುತ್ತಾರೆ, ಉಬ್ಬರದ ನೀರು ಹೊಗುವ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಆ ಅಳಿವೆ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಅಕ್ಕಪಕ್ಕದ ಎರಡು ಹೊಳೆಗಳಲ್ಲಿ ಒಂದನ್ನು ನಾವು ಕಟ್ಟಿದೆವು, ಇನ್ನೊಂದನ್ನು ಬಿಟ್ಟೆವು. ಫಲ ಎರಡೂ ಅಳಿವೆಗಳಲ್ಲಿ ಕಾಣುತ್ತಿದೆ.

ಹೊನ್ನಾವರದ ಬಳಿ ಕಾಸರಕೋಡಿನ ಟೊಂಕದಲ್ಲಿ ಮರಳ ಮೇಲೆ ಮೀನು ಒಣಗಿಸಿ ಬದುಕುವ ಅಕ್ಕಂದಿರು, ಬಂದರು ಬಂದರೆ ಆ ಮರಳೇ ಹೋಗುತ್ತದೆಂದು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕಡಲಾಮೆಗಳು ಮೊಟ್ಟೆಯಿಡಲು ಬರುವುದೂ ಅದೇ ದಡಕ್ಕೆ. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಕುಟುಂಬಗಳಿವೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಅಲ್ಲಿನ ಮೀನುಗಾರರು ಬೀದಿಗಿಳಿದರು, ಈಚೆಗೆ ಅಂಕೋಲೆಯ ಕೇಣಿಯವರೂ ಬಂದರಿನ ವಿರುದ್ಧ ಎದ್ದರು. ಇವರನ್ನು ಅಭಿವೃದ್ಧಿಯ ವಿರೋಧಿಗಳು ಎನ್ನುವವರು ಒಮ್ಮೆ ನಮ್ಮ ಮುಳುಗಡೆಯ ಹಿರಿಯರ ಎದುರು ಕೂರಬೇಕು. ನಾಡಿಗಾಗಿ ಬಿಟ್ಟುಕೊಡಿ ಎಂಬ ಮಾತನ್ನು ಅವರು ಮೊದಲೇ ಕೇಳಿದವರು.

ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಸಿಂಗಳೀಕಗಳ ಕಾಡಿನ ಬಗ್ಗೆ ಮಲೆನಾಡು ದನಿಯೆತ್ತಿದೆ, ಅದು ಸರಿಯೇ. ಆದರೆ ಹೊಳೆ ಗೇರುಸೊಪ್ಪೆಗೆ ಮುಗಿಯುವುದಿಲ್ಲ. ಯೋಜನೆಯ ಪರಿಣಾಮದ ಅಧ್ಯಯನ ಹೊನ್ನಾವರದ ಅಳಿವೆಯವರೆಗೂ ಇಳಿಯಬೇಕು. ಯಾವ ತಿಂಗಳು ಎಷ್ಟು ನೀರು ಬಿಡಬೇಕು ಎಂಬ ತೀರ್ಮಾನದಲ್ಲಿ ಅಳಿವೆಯ ಮೀನುಗಾರರಾದ ಅಂಬಿಗರಿಗೂ ಖಾರ್ವಿಗಳಿಗೂ ಮಾತಿರಬೇಕು. ನಾಳೆ ಬೆಳಿಗ್ಗೆ ನಿರ್ಣಯಗಳ ಕರಡು ಬರೆಯಲು ಕೂರುವಾಗ ಟೊಂಕದಿಂದ ಬಂದ ಅಕ್ಕಂದಿರನ್ನು ಮೊದಲ ಸಾಲಿಗೆ ಕರೆಯಿರಿ. ಈ ಎರಡು ಬೇಡಿಕೆಗಳನ್ನು ಅವರ ಮಾತಿನಲ್ಲೇ ಬರೆಯೋಣ.