ಉತ್ತ ನೆಲದಲ್ಲಿ ಮತ್ತೆ ಹುಲ್ಲು

ಕನ್ನಡದಲ್ಲಿ 'ಕಾವಲು' ಎಂಬ ಮಾತಿಗೆ ಎರಡು ಅರ್ಥ. ಕಾಯುವುದೂ ಕಾವಲೇ, ದನಗಳಿಗೆಂದು ಕಾದಿಟ್ಟ ಹುಲ್ಲಿನ ಬಯಲೂ ಕಾವಲೇ. ಹುಲ್ಲು ತಾನಾಗಿ ಬೆಳೆಯುತ್ತದೆ, ನಿಜ. ಆದರೆ ಹುಲ್ಲಿನ ಬಯಲು ಕಾಯದೆ ಉಳಿಯುವುದಿಲ್ಲ. ಇಂದಿನ ಮಾತು ಅಂಥದೊಂದು ಬಯಲನ್ನು ಕುರಿತದ್ದು. ಅದಿರುವುದು ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ, ಬಿಯಾಟ್ರಿಸ್ ಎಂಬ ಊರಿನ ಬಳಿ.

ಉತ್ತರ ಅಮೆರಿಕದ ನಡುಭಾಗದ ವಿಶಾಲ ಹುಲ್ಲುಗಾವಲಿಗೆ 'ಪ್ರೇರಿ' ಎಂದು ಹೆಸರು. ಅದರ ಪೂರ್ವಭಾಗದಲ್ಲಿ ಮಳೆ ಹೆಚ್ಚು, ಹುಲ್ಲೂ ಎತ್ತರ. ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲು ಆಳೆತ್ತರ ಬೆಳೆಯುತ್ತದೆ. ಬೇರೂ ಅಷ್ಟೇ ಆಳಕ್ಕೆ ಇಳಿಯುತ್ತದೆ. ಸಾವಿರಾರು ವರ್ಷ ಈ ಬೇರುಗಳು ಕೊಳೆತು ಸೇರಿದ್ದರಿಂದ ಅಲ್ಲಿನ ಮಣ್ಣು ಕಪ್ಪಗೆ, ಫಲವತ್ತಾಗಿದೆ. ಆ ಫಲವತ್ತತೆಯೇ ಹುಲ್ಲಿಗೆ ಮುಳುವಾಯಿತು.

1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಅಂಟುಮಣ್ಣು ಮೆತ್ತಿಕೊಳ್ಳದ ಉಕ್ಕಿನ ನೇಗಿಲು ಮಾಡಿದ. 1862ರಲ್ಲಿ ಲಿಂಕನ್ ಸರ್ಕಾರ ಹೋಮ್‌ಸ್ಟೆಡ್ ಕಾಯ್ದೆ ತಂದಿತು. ಸರ್ಕಾರಿ ಜಮೀನಿನಲ್ಲಿ ಐದು ವರ್ಷ ವಾಸವಿದ್ದು, ಮನೆ ಕಟ್ಟಿ ಉಳುಮೆ ಮಾಡಿದವರಿಗೆ 160 ಎಕರೆ ಸ್ವಂತವಾಗುತ್ತಿತ್ತು. ಉಳುವುದು ಆ ಕಾಯ್ದೆಯ ಷರತ್ತೇ ಆಗಿತ್ತು. ಹೀಗೆ ಹಂಚಿಹೋದ ನೆಲ ಸುಮಾರು 27 ಕೋಟಿ ಎಕರೆ. ಅದು ಯಾರೂ ಇಲ್ಲದ ನೆಲವೂ ಆಗಿರಲಿಲ್ಲ. ಬಿಯಾಟ್ರಿಸ್ ಸುತ್ತಲಿನ ಸೀಮೆಯಲ್ಲಿದ್ದ ಓಟೊ–ಮಿಸೌರಿಯ ಜನ 1881ರಲ್ಲಿ ಇಂದಿನ ಒಕ್ಲಹೋಮಕ್ಕೆ ಹೋಗಬೇಕಾಯಿತು. ಎತ್ತರದ ಹುಲ್ಲಿನ ಪ್ರೇರಿ ಒಂದು ಕಾಲಕ್ಕೆ 17 ಕೋಟಿ ಎಕರೆ ಇತ್ತು; ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ.

ಕಾಯ್ದೆ ಜಾರಿಗೆ ಬಂದ 1863ರ ಜನವರಿ 1ರಂದೇ ಅರ್ಜಿ ಹಾಕಿದವರಲ್ಲಿ ಡೇನಿಯಲ್ ಫ್ರೀಮನ್ ಒಬ್ಬ. ಬಿಯಾಟ್ರಿಸ್ ಬಳಿಯ ಅವನ ಹೊಲವನ್ನೇ 1936ರಲ್ಲಿ ಒಕ್ಕಲುಗಾರರ ನೆನಪಿಗಾಗಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಆ ಹೊತ್ತಿಗೆ ಬಯಲುಸೀಮೆಯ ಮೇಲ್ಮಣ್ಣು ಧೂಳಾಗಿ ಹಾರುತ್ತಿದ್ದ ಕಾಲ. 1939ರಲ್ಲಿ ಆ ಹೊಲದಲ್ಲಿ ನಾಡಹುಲ್ಲನ್ನು ಮತ್ತೆ ಬೆಳೆಸಲು ಆರಂಭಿಸಿದರು. ನೇಗಿಲಿಗೆ ಸ್ಮಾರಕವಾದ ನೆಲದಲ್ಲಿಯೇ ನೇಗಿಲು ಅಳಿಸಿದ್ದನ್ನು ಮರಳಿ ತರುವ ಕೆಲಸ! ಇಂದು ಅಲ್ಲಿ ಸುಮಾರು 100 ಎಕರೆ ಪ್ರೇರಿ ಇದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಹೀಗೆ ಮರಳಿ ಬೆಳೆಸಿದ ಪ್ರೇರಿಗಳಲ್ಲಿ ಇದೇ ಹಳೆಯದು.

ಹಸಿರು ಕಂಡ ಮಾತ್ರಕ್ಕೆ ಪ್ರೇರಿ ಮರಳಿತು ಎನ್ನಬಹುದೆ? ಇದನ್ನು ಅಳೆಯುವ ಒಂದು ಕ್ರಮವನ್ನು ಷಿಕಾಗೊ ಪ್ರದೇಶದ ಸಸ್ಯವಿಜ್ಞಾನಿಗಳಾದ ಫ್ಲಾಯ್ಡ್ ಸ್ವಿಂಕ್ ಮತ್ತು ಜೆರೂಲ್ಡ್ ವಿಲ್‌ಹೆಲ್ಮ್ 1970ರ ದಶಕದಲ್ಲಿ ರೂಪಿಸಿದರು. ಪ್ರತಿಯೊಂದು ನಾಡಸಸ್ಯಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ರಸ್ತೆಬದಿಯಲ್ಲೂ ಬೆಳೆಯುವ ಗಿಡಕ್ಕೆ ಸೊನ್ನೆ. ಕೆಡದ ನೆಲದಲ್ಲಿ ಮಾತ್ರ ಬದುಕುವ ಗಿಡಕ್ಕೆ ಹತ್ತು. ಬಯಲಿನಲ್ಲಿ ಗುರುತು ಹಾಕಿದ ಚೌಕಗಳೊಳಗೆ ಸಿಕ್ಕ ಗಿಡಗಳನ್ನೆಲ್ಲ ಪಟ್ಟಿ ಮಾಡಿ, ಅಂಕಗಳ ಸರಾಸರಿಯನ್ನು ಜಾತಿಗಳ ಸಂಖ್ಯೆಯ ವರ್ಗಮೂಲದಿಂದ ಗುಣಿಸಿದರೆ ಆ ನೆಲದ ಗುಣಮಟ್ಟ ತಿಳಿಯುತ್ತದೆ. ಅದೇ ಚೌಕಗಳಿಗೆ ಕೆಲವು ವರ್ಷ ಬಿಟ್ಟು ಮರಳಿ ಹೋದರೆ ಏಳಿಗೆಯೋ ಇಳಿಕೆಯೋ ಗೊತ್ತಾಗುತ್ತದೆ.

ಇಂಥ ಎಣಿಕೆಗಳು ಮತ್ತೆ ಮತ್ತೆ ಒಂದೇ ಮಾತು ಹೇಳುತ್ತವೆ. ಬಿತ್ತಿದ ಪ್ರೇರಿಯಲ್ಲಿ ಎತ್ತರದ ಹುಲ್ಲುಗಳು ಬೇಗ ಬೇರೂರುತ್ತವೆ. ಅವುಗಳ ನಡುವೆ ಇರಬೇಕಾದ ಹೂಗಿಡಗಳು, ಮುಖ್ಯವಾಗಿ ಹೆಚ್ಚು ಅಂಕದವು, ಸುಲಭಕ್ಕೆ ಬರುವುದಿಲ್ಲ. ಯೂರೋಪಿನಿಂದ ಬಂದ ಸ್ಮೂತ್ ಬ್ರೋಮ್‌ನಂಥ ಮೇವಿನ ಹುಲ್ಲು ಸಂದಿ ಸಿಕ್ಕಲ್ಲೆಲ್ಲ ನುಗ್ಗುತ್ತದೆ.

ಬೀಜವೊಂದೇ ಸಾಲದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜಾನ್ ಕರ್ಟಿಸ್ 1940ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಪ್ರೇರಿಗೆ ಬೆಂಕಿಯೂ ಬೇಕೆಂದು ತೋರಿಸಿದವು. ಮೂಲನಿವಾಸಿಗಳು ಬಹುಕಾಲದಿಂದ ಹುಲ್ಲಿಗೆ ಬೆಂಕಿಯಿಡುತ್ತಿದ್ದುದು ಅರ್ಥವಿಲ್ಲದ ಕೆಲಸವಾಗಿರಲಿಲ್ಲ. ಬೆಂಕಿ ಒಣಹುಲ್ಲನ್ನು ಕಳೆದು, ಮರಗಳನ್ನು ತಡೆಯುತ್ತದೆ. ನೆಲದಡಿಯ ಬೇರು ಮತ್ತೆ ಚಿಗುರುತ್ತದೆ. ಇನ್ನು ಕಾಡೆಮ್ಮೆಯ ಬಂಧುವಾದ ಬೈಸನ್. ಅದು ಹೆಚ್ಚಾಗಿ ಹುಲ್ಲನ್ನೇ ಮೇಯುವುದರಿಂದ ಹೂಗಿಡಗಳಿಗೆ ಬೆಳಕು ಸಿಗುತ್ತದೆ. ಕಾನ್ಸಾಸ್‌ನ ಕೊಂಜಾ ಪ್ರೇರಿಯಲ್ಲಿ ಸುಮಾರು ಮೂರು ದಶಕ ನಡೆದ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಮೇಯದೆ ಬಿಟ್ಟ ನೆಲಕ್ಕಿಂತ ಬೈಸನ್ ಮೇದ ನೆಲದಲ್ಲಿ ನಾಡಸಸ್ಯಗಳ ವೈವಿಧ್ಯ ಇಮ್ಮಡಿಯಾಗಿತ್ತು. ಆದರೆ 100 ಎಕರೆಯಲ್ಲಿ ಬೈಸನ್ ಹಿಂಡನ್ನು ಸಾಕುವುದು ಹೇಗೆ? ಫ್ರೀಮನ್‌ನ ಹೊಲಕ್ಕೆ ಬೆಂಕಿಯನ್ನು ತರಬಹುದು, ಹಿಂಡನ್ನು ತರಲಾಗದು.

ಹಾಗಾದರೆ ಈ ಶ್ರಮ ವ್ಯರ್ಥವೆ? ಅಲ್ಲ. ಅಲ್ಲಿ ಮಣ್ಣು ನಿಂತಿದೆ, ಹಕ್ಕಿಗೂ ಚಿಟ್ಟೆಗೂ ನೆಲೆ ಸಿಕ್ಕಿದೆ. ಆದರೆ ಎಂಟು ದಶಕಗಳ ಆರೈಕೆಯ ಬಳಿಕವೂ ಕೆಲಸ ಮುಗಿದಿಲ್ಲ ಎಂಬುದೇ ಅದರ ಪಾಠ. ಮರಳಿ ಬೆಳೆಸುವವರಿಗೆ ಬೀಜ ಬರಬೇಕಾದದ್ದು ಎಂದೂ ಉಳದ ಪ್ರೇರಿಯಿಂದ; ಹೋಲಿಸಿ ನೋಡಲು ಮಾದರಿಯೂ ಅದೇ. ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ಅಂಥ ನೆಲ ಉಳಿದದ್ದು ಯಾರ ದೂರದೃಷ್ಟಿಯಿಂದಲೂ ಅಲ್ಲ, ಕಲ್ಲಿಗೆ ನೇಗಿಲು ಸೋತದ್ದರಿಂದ. ಅದರಲ್ಲಿ ಸುಮಾರು 11,000 ಎಕರೆಗೆ 1996ರಲ್ಲಿ ರಾಷ್ಟ್ರೀಯ ಸಂರಕ್ಷಣೆ ದೊರೆಯಿತು. 2009ರಲ್ಲಿ ಅಲ್ಲಿಗೆ ಬೈಸನ್‌ಗಳೂ ಬಂದವು. ಕಳೆದದ್ದನ್ನು ಬಿತ್ತುವ ಮೊದಲು ಉಳಿದದ್ದನ್ನು ಕಾಯಬೇಕು.