ಠಾಣೆಯ ಬಾಗಿಲಲ್ಲಿ ನಿಂತ ಕಾನೂನು

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮಲ್ಲಿ ಹೆಚ್ಚಿನವರು ನ್ಯಾಯ ವ್ಯವಸ್ಥೆಯನ್ನು ಮೊದಲು ಕಾಣುವುದು ನ್ಯಾಯಾಲಯದಲ್ಲಲ್ಲ, ಪೊಲೀಸ್ ಠಾಣೆಯಲ್ಲಿ. ಬೈಕು ಕಳವಾದಾಗ, ಮಗಳಿಗೆ ಯಾರೋ ಕಿರುಕುಳ ಕೊಟ್ಟಾಗ, ಅಂಗಡಿಗೆ ಕಲ್ಲು ಬಿದ್ದಾಗ ನಾವು ಅಲ್ಲಿಗೆ ಹೋಗುತ್ತೇವೆ. ‘ನಾಳೆ ಬನ್ನಿ’, ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’, ‘ರಾಜಿ ಮಾಡಿಕೊಳ್ಳಿ’ ಎಂಬ ಮಾತು ಕೇಳಿ ಮರಳುತ್ತೇವೆ. ಆ ಅಧಿಕಾರಿಯೇ ಕೆಟ್ಟವನೆಂದು ಭಾವಿಸುತ್ತೇವೆ. ಆದರೆ ಅಧಿಕಾರಿ ವರ್ಗವಾಗಿ ಹೋದರೂ ಆ ಮಾತುಗಳು ಅಲ್ಲೇ ಉಳಿಯುತ್ತವೆ. ಅಂದರೆ ದೋಷವಿರುವುದು ವ್ಯಕ್ತಿಯಲ್ಲಿ ಮಾತ್ರವಲ್ಲ, ಆ ಸಂಸ್ಥೆಯ ಸಂಸ್ಕೃತಿಯಲ್ಲಿ.

2008ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದಲ್ಲಿ ಓರ್ವ ಬಾಲಕಿ ಕಾಣೆಯಾದಳು. ತಂದೆ ದೂರು ಕೊಟ್ಟರೂ ಠಾಣೆಯವರು ಎಫ್‌ಐಆರ್ ದಾಖಲಿಸಲಿಲ್ಲ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಮೊರೆ ಹೋದ ಬಳಿಕವಷ್ಟೇ ಅದು ದಾಖಲಾಯಿತು. ಆನಂತರವೂ ಹುಡುಕಾಟ ನಡೆಯಲಿಲ್ಲವೆಂದು ಆ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಲಲಿತಾ ಕುಮಾರಿ ಪ್ರಕರಣವೆಂದು ಹೆಸರಾದ ಇದರಲ್ಲಿ 2013ರ ನವೆಂಬರ್ 12ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ದೂರಿನಲ್ಲಿ ಸಂಜ್ಞೇಯ ಅಪರಾಧ ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ತೀರ್ಪಿತ್ತಿತು. ನೆನಪಿಡಿ, 1973ರ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಂ ಹೇಳಿದ್ದೂ ಇದನ್ನೇ. ಇದ್ದ ಕಾನೂನನ್ನು ಪಾಲಿಸಿರೆಂದು ಹೇಳಲು ನಲವತ್ತು ವರ್ಷಗಳ ನಂತರ ಸಂವಿಧಾನ ಪೀಠವೇ ಕುಳಿತುಕೊಳ್ಳಬೇಕಾಯಿತು!

ಏಕೆ ಹೀಗೆ? ಮೇಲಧಿಕಾರಿ ಏನನ್ನು ಎಣಿಸುತ್ತಾನೋ ಕೆಳಗಿನವನು ಅದನ್ನೇ ಸಾಧಿಸಿ ತೋರಿಸುತ್ತಾನೆ. ‘ನಿನ್ನ ಠಾಣೆಯಲ್ಲಿ ಪ್ರಕರಣಗಳೇಕೆ ಹೆಚ್ಚಾದವು?’ ಎಂದು ಗದರಿಸುವ ಕಡೆ ಅಪರಾಧ ಇಳಿಯುವುದಿಲ್ಲ, ದಾಖಲೆ ಇಳಿಯುತ್ತದೆ. ಪ್ರಾಮಾಣಿಕವಾಗಿ ಬರೆದುಕೊಂಡವನು ಅಸಮರ್ಥನೆನಿಸಿದರೆ, ದೂರುದಾರನನ್ನು ಸಾಗಹಾಕಿದವನು ದಕ್ಷನೆನಿಸುತ್ತಾನೆ. ಇದರ ಜೊತೆಗೆ ವರ್ಗಾವಣೆಯ ಭಯವಿದೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದು ಆದೇಶಿಸಿದ್ದು ಈ ಭಯವನ್ನು ಬಲ್ಲುದರಿಂದಲೇ.

ಇದು ನಮ್ಮ ದೇಶದ ರೋಗ ಮಾತ್ರವೆಂದು ತಿಳಿಯಬೇಕಾಗಿಲ್ಲ. 1993ರಲ್ಲಿ ಲಂಡನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಯುವಕನನ್ನು ಬಿಳಿಯರ ಗುಂಪೊಂದು ಇರಿದು ಕೊಂದಿತು.  ಆದರೆ ತನಿಖೆ ಹಳ್ಳ ಹಿಡಿಯಿತು. ವೃತ್ತಿಪರ ಅಸಾಮರ್ಥ್ಯ, ಸಾಂಸ್ಥಿಕ ಜನಾಂಗಭೇದ ಮತ್ತು ಹಿರಿಯ ಅಧಿಕಾರಿಗಳ ನಾಯಕತ್ವದ ವೈಫಲ್ಯ ಇದಕ್ಕೆ ಕಾರಣವೆಂದು 1999ರ ಮ್ಯಾಕ್‌ಫರ್ಸನ್ ವರದಿ ಹೇಳಿತು. ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ. ಪೂರ್ವಗ್ರಹವು ಸಂತ್ರಸ್ತರನ್ನು ನೋಯಿಸುವುದಷ್ಟೇ ಅಲ್ಲ, ಕೊಲೆಗಾರರನ್ನೂ ಕಾಪಾಡುತ್ತದೆ.

ಇನ್ನು ನಮ್ಮ ಪಾಲಿನ ಮಾತು. ನಮ್ಮ ಹುಡುಗ ತಪ್ಪು ಮಾಡಿ ಸಿಕ್ಕಿಬಿದ್ದಾಗ ನಾಯಕರಿಂದ ಠಾಣೆಗೆ ಫೋನು ಮಾಡಿಸುವವರು ನಾವೇ ಅಲ್ಲವೇ? ಮನೆಯ ಹೆಣ್ಣುಮಗಳು ದೂರು ಕೊಡಹೊರಟಾಗ ‘ಮರ್ಯಾದೆ ಹೋಗುತ್ತದೆ’ ಎಂದು ತಡೆಯುವವರೂ ನಾವೇ ಅಲ್ಲವೇ? ಪ್ರಭಾವಕ್ಕೆ ಬಾಗುವುದನ್ನು ನಾವು ಕಲಿಸಿದ ಠಾಣೆ, ನಮಗಿಂತ ಪ್ರಭಾವಿಯಾದವನು ಬಂದಾಗ ಅವನಿಗೂ ಬಾಗುತ್ತದೆ.

ಆದುದರಿಂದ ಪ್ರಭಾವದ ದಾರಿ ಬಿಟ್ಟು ಕಾನೂನಿನ ದಾರಿ ಹಿಡಿಯೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಸಂಜ್ಞೇಯ ಅಪರಾಧದ ದೂರು ನೀಡಬಹುದು. ದಾಖಲಾದುದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯವರು ನಿರಾಕರಿಸಿದರೆ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಬರೆಯಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ದೂರನ್ನು ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ, ದಿನಾಂಕ ಬರೆದಿಡಿ. ಓದುಬರಹ ತಿಳಿಯದ ನೆರೆಯವರೊಂದಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಠಾಣೆಗೆ ಹೋಗಿ. ಒತ್ತಡಕ್ಕೆ ಮಣಿಯದೆ ಕೆಲಸ ಮಾಡಿದ ಅಧಿಕಾರಿಯನ್ನು ಕಂಡರೆ ಅವರ ಮೇಲಧಿಕಾರಿಗೆ ಎರಡು ಸಾಲು ಮೆಚ್ಚುಗೆ ಬರೆಯಿರಿ. ಎಣಿಕೆಗೆ ಅದೂ ಸೇರಲಿ.